ಗುಡದಪ್ಪ ಕೌದಿಗೆ ಬೆಡ್‌ಶೀಟು ತಂದದ್ದು

ಮೂಗಿನ ಮೇಲೆ ಬೆರಳಿಡುವವರು ಈಗಲೇ ಇಟ್ಟುಕೊಂಡು ಕೂತುಬಿಡಿ. ಆಮೇಲೆ ನಗುವಿನಲ್ಲಿ ಮೂಗು ಎಲ್ಲಿದೆ ಅಂತ ಹುಡುಕುವ ಹಾಗಾದೀತು.

ಹುಣಸಿಕೊಪ್ಪದಲ್ಲಿ ಚಂದವ್ವ ಅಂತ ಒಬ್ಬಾಕೆ ಇದ್ದಳು. ಗಂಡ ಸತ್ತಿದ್ದ, ಬಾಯಿ ಬದುಕಿತ್ತು. ಆಕೆಗೆ ಒಬ್ಬ ಮಗಳು ರೇಣವ್ವ, ಒಬ್ಬ ಮಗ ಗುಡದಪ್ಪ. ಮಗಳ ಮಾತು ಬಿಡಿ, ಬಂಗಾರ. ಮಗ? ಮೈ ನೋಡಿದರೆ ಹೋರಿ, ಮೀಸೆ ನೋಡಿದರೆ ಫೌಜದಾರ, ತಲೆ ಮಾತ್ರ ರುಮಾಲು ಸುತ್ತಲಿಕ್ಕೆ ಒಂದು ಆಧಾರ ಇರಲಿ ಅಂತ ದೇವರು ಇಟ್ಟದ್ದು. "ಹಾಲು ಉಕ್ಕಿದ ಕೂಡಲೇ ಕೂಗೋ" ಅಂದರೆ, ಒಲೆಯ ಮುಂದೆ ಕೂತು ಉಕ್ಕುವ ತನಕ ಕಾಯುತ್ತಿದ್ದ. ಉಕ್ಕಿ, ಸುರಿದು, ಒಲೆ ಆರಿದ ಮೇಲೆ ಓಣಿಗೆ ಹೋಗಿ ಕೂಗುತ್ತಿದ್ದ. ಹೇಳಿದ್ದು ಮಾಡಿದನೋ ಇಲ್ಲವೋ? ಮಾಡಿದ. ಅದೇ ಗೋಳು!

"ಇಂಥಾವನ್ನ ಹಡದು ನಾ ಏನು ಮಾಡ್ಲೆವ್ವಾ!" ಅಂತ ಚಂದವ್ವ ಹಣೆ ಬಡಕೊಳ್ಳುವಳು. ಬಡಕೊಂಡೂ ಬಡಕೊಂಡೂ ಹಣೆಯಲ್ಲಿ ತಗ್ಗು ಬಿದ್ದಿತ್ತು ಅಂತ ಓಣಿಯವರು ಹೇಳುತ್ತಾರೆ. ಓಣಿಯವರಿಗೇನು, ಹೇಳುತ್ತಾರೆ.

ರೇಣವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು. ಇನ್ನು ಕೂಸು ಎತ್ತಿಕೊಂಡು ಗಂಡನ ಮನೆಗೆ ಹೋಗಬೇಕು, ಜೊತೆಗೆ ತವರಿನ ಕೌದಿ ಹೋಗಬೇಕು. ಕೌದಿ ಅಂದರೆ ಗೊತ್ತಲ್ಲ, ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಅಂಚಿನಿಂದ ಅಂಚಿಗೆ ದಾರ ಓಡಿಸಿದ್ದು. ಹೊದ್ದರೆ ಅಜ್ಜಿ ತಬ್ಬಿಕೊಂಡ ಹಾಗೆ.

ಆದರೆ ರೇಣವ್ವನ ಅತ್ತೆ ಯಾರು? ಮುದ್ದಿನಹಾಳದ ನಿಂಬೆವ್ವ! ತೊಟ್ಟಿಲಲ್ಲಿ ಆ ಹೆಸರಿಟ್ಟವರಿಗೆ ಮುಂದಿನದು ಗೊತ್ತಿತ್ತು ಅಂತ ಕಾಣುತ್ತದೆ. ಹಿರಿಯ ಸೊಸೆಯ ತವರಿನಿಂದ ಬಂದ ಕೌದಿಯ ಬೆನ್ನಿಗೆ, ಅಂದರೆ ತಳದ ಬಟ್ಟೆಗೆ, ಎರಡು ಸೀರೆ ಕೂಡಿಸಿದ್ದರು. ನಡುವೆ ಒಂದು ಜೋಡಣೆ ಕಾಣುತ್ತಿತ್ತು. ಅಷ್ಟಕ್ಕೇ ನಿಂಬೆವ್ವ ಅದನ್ನು ತೆಗೆದುಕೊಂಡು ಹೋಗಿ ಎಮ್ಮೆಗೆ ಹೊದಿಸಿದಳು. ಇವತ್ತಿಗೂ ಮನೆಗೆ ಯಾರಾದರೂ ಬಂದರೆ ಮೊದಲು ಎಮ್ಮೆ ತೋರಿಸುತ್ತಾಳೆ, ಆಮೇಲೆ ನೀರು ಕೊಡುತ್ತಾಳೆ. ಆ ಹಿರಿ ಸೊಸೆ ಪಾಪ, ಅವತ್ತಿನಿಂದ ತಲೆ ಎತ್ತಿಲ್ಲ.

ಈಗ ಚಂದವ್ವನಿಗೂ ಹೇಳಿ ಕಳಿಸಿದ್ದಳು. ಗುಟ್ಟಾಗಿ ಅಲ್ಲ, ತನ್ನ ಓಣಿಯ ಹೆಂಗಸರನ್ನೆಲ್ಲ ಕೂಡಿಸಿಕೊಂಡು, ಎಲ್ಲರ ಕಿವಿಗೆ ಬೀಳುವ ಹಾಗೆ: "ಕೌದಿ ಬೆನ್ನು ಒಂದ ತುಂಡು ಇರಬೇಕು. ಅಂಗಳದಾಗ ಹಾಸಿ ನಾ ನೋಡತೀನಿ. ಮೊದಲು ಕೌದಿ ನನ್ನ ಹೊಸ್ತಿಲಾ ದಾಟಬೇಕು, ಅದರ ಹಿಂದ ಸೊಸಿ ದಾಟಬೇಕು. ಕೌದಿ ದಾಟಲಿಲ್ಲಂದ್ರ ಬಂದ ದಾರಿ ಅಲ್ಲೇ ಐತಿ!"

ಕೇಳಿ ರೇಣವ್ವ ಕೂಸಿನ ಮೇಲೆ ಕಣ್ಣೀರು ಸುರಿಸಿದಳು. "ಯವ್ವಾ, ನನ್ನೂ ಎಮ್ಮಿ ಪಕ್ಕಕ್ಕ ಕಟ್ಟತಾಳ."

"ಅಳಬ್ಯಾಡ ಮಗಳ. ಆಕಿ ಸೊಕ್ಕು ಮುರಿಯೂವಂಥಾ ಬೆನ್ನು ಹಾಕತೀನಿ," ಅಂದಳು ಚಂದವ್ವ. ಸೀರೆಯ ಅಗಲ ಸಾಲದು, ಎರಡು ಕೂಡಿಸಿದರೆ ಜೋಡಣೆ ಬರುತ್ತದೆ. ಆದರೆ ಜೋಡಿ ಮಂಚದ ಬೆಡ್‌ಶೀಟು? ಒಂದೇ ತುಂಡು, ಹೊಲದಷ್ಟು ಅಗಲ! ಊರಲ್ಲಿ ಯಾರಿಗೂ ಹೊಳೆಯದ ಉಪಾಯ ತನಗೆ ಹೊಳೆಯಿತು ಅಂತ ಚಂದವ್ವ ಉಬ್ಬಿದಳು. ಉಪಾಯ ಚೆನ್ನಾಗಿಯೇ ಇತ್ತು. ತರಲಿಕ್ಕೆ ಕಳಿಸಿದ್ದು ಯಾರನ್ನ ಅನ್ನುವುದು ಚೆನ್ನಾಗಿರಲಿಲ್ಲ. ಆಕೆಗೆ ಮೊಣಕಾಲು ಬಾತಿತ್ತು, ಮಗಳು ಬಾಣಂತಿ. ಇನ್ಯಾರು ಉಳಿದರು?

"ಗುಡದಪ್ಪಾ, ಪ್ಯಾಟಿಗೆ ಹೋಗು. ಮಾನಪ್ಪನ ಅರಿವಿ ಅಂಗಡ್ಯಾಗ ಒಂದು ಬೆಡ್‌ಶೀಟು ತಗೊಂಬಾ. ನಾಕು ಮಂದಿ ಮಲಗೂವಷ್ಟು ಅಗಲ ಇರಬೇಕು. ನೋಡಿ ತಗೋ!"

"ಹೂಂ ಯವ್ವಾ. ನೋಡೇ ತಗೋತೀನಿ."

ಹೋದ. ಅಂಗಡಿಯಲ್ಲಿ ಮಾನಪ್ಪ ಬಿಳಿ ಗಾದಿಯ ಮೇಲೆ ಕೂತು ಹಾಲಿನ ಡೇರಿಯ ಸುಂದ್ರವ್ವನಿಗೆ ಕುಬಸದ ಬಟ್ಟೆ ತೋರಿಸುತ್ತಿದ್ದ. ಸುಂದ್ರವ್ವ ಬಂದರೆ ಮಾನಪ್ಪನಿಗೆ ಬೇರೆ ಗಿರಾಕಿ ಕಾಣುವುದಿಲ್ಲ ಅನ್ನುವುದು ಪೇಟೆಗೆಲ್ಲ ಗೊತ್ತು, ಮಾನಪ್ಪನ ಹೆಂಡತಿಗೆ ಒಬ್ಬಳಿಗೇ ಗೊತ್ತಿಲ್ಲ. ಗುಡದಪ್ಪ ಒಂದು ಹಸಿರು ಬೆಡ್‌ಶೀಟು ಎಳೆದ. ಮಡಿಕೆ ಬಿಚ್ಚಿದ. ಗಾದಿಯ ಮೇಲೆ ಹಾಸಿದ.

"ಮಲಗ್ರಿ," ಅಂದ.

"ಏನಂದಿ?"

"ಮಲಗ್ರೀ ಮಾನಪ್ಪಣ್ಣ. ನಾಕು ಮಂದಿ ಹಿಡಸ್ತಾರೇನ ನೋಡಬೇಕು."

ಅಂದವನೇ ಮಾನಪ್ಪನ ಎದೆಗೆ ಕೈ ಹಚ್ಚಿ ಉರುಳಿಸಿದ. ಸುಂದ್ರವ್ವನ ತೋಳು ಹಿಡಿದು ಪಕ್ಕಕ್ಕೆ ಉರುಳಿಸಿದ. ಗಜಕೋಲು ಹಿಡಿದು ನಿಂತಿದ್ದ ಗುಮಾಸ್ತನ ಕಾಲು ಎಳೆದ. ತಾನೂ ಕೊನೆಯಲ್ಲಿ ಉದ್ದಕ್ಕೆ ಬಿದ್ದುಕೊಂಡ. "ಹಿಡಿಸಿತು! ಹಿಡಿಸಿತು!" ಅಂತ ಕುಣಿದ ಹೊತ್ತಿಗೆ ಸರಿಯಾಗಿ ಮಾನಪ್ಪನ ಹೆಂಡತಿ ಬುತ್ತಿ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದಳು.

ಮುಂದಿನದು ಹೇಳಬಾರದು. ಹೇಳದಿದ್ದರೆ ನಾಲಿಗೆ ಕಡಿಯುತ್ತದೆ. ಡಬ್ಬಿಯ ಮೇಲಿನ ಖಾನೆಯ ಪಲ್ಯ ಮಾನಪ್ಪನ ತಲೆಗೆ, ಕೆಳಗಿನ ಖಾನೆಯ ಮಜ್ಜಿಗೆ ಮೀಸೆಗೆ! ಸುಂದ್ರವ್ವ ಹಿತ್ತಲ ಬಾಗಿಲಿಂದ ಹೋದಳು. ಹಿತ್ತಲ ಬಾಗಿಲು ಎಲ್ಲಿದೆ ಅಂತ ಯಾರನ್ನೂ ಕೇಳಲಿಲ್ಲ, ಅದನ್ನ ನೀವೇ ಯೋಚನೆ ಮಾಡಿ. ಮಾನಪ್ಪ ಬೆಡ್‌ಶೀಟನ್ನು ಗುಡದಪ್ಪನ ಮೋರೆಗೆ ಎಸೆದು, "ನಡಿಯೋ ಪಿಶಾಚಿ!" ಅಂದ.

ಮನೆಗೆ ಬಂದು ವರದಿ ಒಪ್ಪಿಸಿದ. ಚಂದವ್ವ ಹಣೆ ಬಡಕೊಂಡಳು. "ಲೇ ಖೋಡಿ! ಪ್ಯಾಟ್ಯಾಗ ಮಂದಿನ ಮಲಗಸ್ತಾರೇನೋ? ಮಂದಿ ಮುಂದ ಮಡಿಕಿ ಬಿಚ್ಚಬಾರದು! ಮಡಿಚಿದ್ದು ಮಡಿಚಿದಂಗ ಇರಬೇಕು! ತಿಳೀತೋ ಇಲ್ಲೋ?"

"ತಿಳೀತು ಯವ್ವಾ."

ಹೊಸ ಬಟ್ಟೆಯನ್ನು ಹಂಗೇ ಹೊಲಿಯಬಾರದು. ಗಂಜಿ ಬಿಡಬೇಕು, ಬಣ್ಣ ಬಿಡಬೇಕು, ಕುಗ್ಗುವಷ್ಟು ಮೊದಲೇ ಕುಗ್ಗಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಬೆನ್ನು ಕುಗ್ಗಿ ಕೌದಿ ಮುದುಕಿಯ ಮೋರೆಯಾಗುತ್ತದೆ. "ಹಳ್ಳಕ್ಕ ಹೋಗಿ ಒಕ್ಕೊಂಡು ಬಾ" ಅಂತ ಕಳಿಸಿದಳು. ಹಳ್ಳದಲ್ಲಿ ಯಾರಿದ್ದರು? ಮಂದಿ! ಊರ ಅರ್ಧ ಹೆಂಗಸರು ಅಲ್ಲಿಯೇ. ಗುಡದಪ್ಪ ಬೆಡ್‌ಶೀಟನ್ನು ಮಡಿಚಿದ ಹಾಗೆಯೇ ಅದ್ದಿದ, ಮಡಿಚಿದ ಹಾಗೆಯೇ ಬಡಿದ, ಮಡಿಚಿದ ಹಾಗೆಯೇ ಬಂಡೆಯ ಮೇಲೆ ಒಣಗಿಸಿದ.

"ಬಿಚ್ಚಿ ಒಗಿಯೋ ಹುಚ್ಚಪ್ಯಾಲಿ!" ಅಂದರು ಹೆಂಗಸರು.

"ನೀವು ಮಂದಿ ಅದೀರಿ. ನಿಮ್ಮ ಮುಂದ ಬಿಚ್ಚಾಂಗಿಲ್ಲ!" ಅಂದ.

ಆ ಮಾತಿಗೆ ಅವರು ಎಷ್ಟು ನಕ್ಕರೋ, ಒಬ್ಬಾಕೆಯ ಕುಪ್ಪಸ ತೇಲಿ ಮುಂದಿನ ಊರು ಸೇರಿತು. ಬೆಡ್‌ಶೀಟು ಮನೆಗೆ ಬಂದಾಗ ಗಂಜಿ ಒಳಗೊಳಗೇ ಅಂಟಿ ರೊಟ್ಟಿಯ ಕಲ್ಲಾಗಿತ್ತು. ಬಾತ ಮೊಣಕಾಲು ಎಳಕೊಂಡು ಚಂದವ್ವನೇ ಅದನ್ನ ಬಿಸಿನೀರಲ್ಲಿ ನೆನೆಸಿ, ಬಿಡಿಸಿ, ಒಗೆದು ಹಾಕಬೇಕಾಯಿತು. ಬಾಯಿ ಮಾತ್ರ ಸುಮ್ಮನಿರಲಿಲ್ಲ: "ಗಂಟು ಕೈಗೆ ಬಂತಂದ್ರ ಮೊದಲು ಬಿಚ್ಚಬೇಕೋ ಮಬ್ಬಾ! ಬಿಚ್ಚು, ಅದ್ದು, ಬಡಿ, ಹಿಂಡು, ಬಿಸಲಿಗೆ ಹಾಕು! ಅಷ್ಟಾದ ಮ್ಯಾಲೆ ಮನಿಗೆ ತರಬೇಕು!"

"ಬಿಚ್ಚು, ಅದ್ದು, ಬಡಿ, ಹಿಂಡು, ಬಿಸಲಿಗೆ ಹಾಕು," ಅಂತ ಗುಡದಪ್ಪ ಗಟ್ಟಿ ಮಾಡಿಕೊಂಡ.

ಬೆನ್ನಿಗೆ ಬೆಡ್‌ಶೀಟು ಆಯಿತು. ನಡುವೆ ಹಾಕಲಿಕ್ಕೆ ಹಳೆ ಸೀರೆ ಒಂದು ಕಡಿಮೆ ಬಿತ್ತು. ಹಳ್ಳದಾಚೆ ಗುಡದಪ್ಪನ ಸೋದರತ್ತೆ ಹುಲಿಗೆವ್ವ ಇದ್ದಳು. ಆಕೆಯ ಜಿಪುಣತನ ಏನು ಕೇಳುತ್ತೀರಿ, ಬಂದವರಿಗೆ ಚಹದ ವಾಸನೆ ಕೊಟ್ಟು ಕಳಿಸುವವಳು. ಆದರೆ ಬಾಣಂತಿ, ಹೆಣ್ಣು ಕೂಸು ಅಂತ ಕೇಳಿ ಅವತ್ತೊಂದು ದಿನ ಆಕೆಯ ಮನಸ್ಸು ಕರಗಿಬಿಟ್ಟಿತು. ಕೇಳಲಿಕ್ಕೆ ಬಂದ ಗುಡದಪ್ಪನಿಗೆ ಒಂದು ಹಳೆ ಇಳಕಲ್ಲ ಸೀರೆ ಕೊಟ್ಟಳು. ಅಷ್ಟೇ ಅಲ್ಲ, ಬಾಣಂತಿಯ ಸೊಂಟ ಗಟ್ಟಿಯಾಗಲಿ ಅಂತ ಒಣಕೊಬ್ಬರಿ, ಉತ್ತತ್ತಿ, ತುಪ್ಪ, ಬೆಲ್ಲ ಹಾಕಿ ಅಂಟಿನುಂಡಿ ಕಟ್ಟಿ, ಅದೇ ಸೀರೆಯ ಸೆರಗಿನಲ್ಲಿ ಗಂಟು ಹಾಕಿ ಕೊಟ್ಟಳು.

ಗಂಟು ಕೈಗೆ ಬಂತು! ದಾರಿಗೆ ಹಳ್ಳ ಬಂತು!

ಬಿಚ್ಚಿದ. ಅದ್ದಿದ. ಬಡಿದ. ಒಡೆಯದ ಉಂಡಿಯನ್ನು ಹುಡುಕಿ ಹುಡುಕಿ ಬಡಿದ. ತುಪ್ಪ ಇಳಿಯುವ ತನಕ ಹಿಂಡಿದ. ಉಳಿದ ಮುದ್ದೆಯನ್ನು ಬಂಡೆಯ ಮೇಲೆ ಬಿಸಿಲಿಗೆ ಹರವಿ, ಮೀಸೆ ತಿರುವುತ್ತ ಕಾವಲು ಕೂತ. ಹಳ್ಳದ ಮೀನಿಗೆ ಅವತ್ತು ಬಾಣಂತನ! ಸುದ್ದಿ ಹುಲಿಗೆವ್ವನಿಗೆ ಮುಟ್ಟಿತು. ಕೊಡುವುದೇ ಗೊತ್ತಿಲ್ಲದವಳು ಒಮ್ಮೆ ಕೊಟ್ಟು, ಅದೂ ನೀರುಪಾಲಾದರೆ ಹೇಗಿರಬೇಡ? ಚಂದವ್ವನ ಬಾಗಿಲಲ್ಲಿ ನಿಂತು ಓಣಿಯೆಲ್ಲ ಕೇಳುವ ಹಾಗೆ ಉಂಡಿಯ ತುಪ್ಪ, ಉಂಡಿಯ ಕೊಬ್ಬರಿ, ಉಂಡಿಯ ಬೆಲ್ಲ ಅಂತ ಒಂದೊಂದನ್ನೂ ಹೆಸರು ಹಿಡಿದು ಅತ್ತಳು.

ಆಕೆ ಹೋದ ಮೇಲೆ ಚಂದವ್ವ ಮಗನ ಕಡೆ ತಿರುಗಿದಳು. "ನಿನ್ನ ಬುದ್ಧಿಗೆ ಬೆಂಕಿ ಹಚ್ಚಲಿ! ತಿನ್ನೂ ಪದಾರ್ಥಕ್ಕ ನೀರು ತೋರಸ್ತಾರೇನೋ? ತಿನ್ನೂದನ್ನ ತಿನ್ನವರ ಮುಂದ ಒಯ್ದು ಇಡಬೇಕು! ಅಷ್ಟ! ಮುಂದ ಇಡಬೇಕು!"

"ಮುಂದ ಇಡತೀನಿ ಯವ್ವಾ."

ಮರುದಿನ ಕೌದಿ ಹಾಸಿದರು. ಕೆಳಗೆ ಬೆಡ್‌ಶೀಟು, ಸುಕ್ಕು ಬರದ ಹಾಗೆ ಜಗ್ಗಿ ನಾಲ್ಕು ಮೂಲೆಗೆ ಕಲ್ಲು ಹೇರಿದ್ದು. ಅದರ ಮೇಲೆ ಸೀರೆ, ಅದರ ಮೇಲೆ ಕೆಂಪು, ಹಳದಿ, ನೀಲಿ ತುಂಡು. ನೆರೆಯ ಮೌಲಾಬಿ ಒಂದು ಅಂಚಿಗೆ, ಸಿದ್ದವ್ವ ಇನ್ನೊಂದು ಅಂಚಿಗೆ, ಚಂದವ್ವ ಮತ್ತೊಂದಕ್ಕೆ. ಸೂಜಿ ಒಳಗೆ ಹೋಗಿ ಬರುತ್ತಿತ್ತು, ಜೊತೆಗೆ ಮಾನಪ್ಪನ ಅಂಗಡಿಯ ಮಾತೂ ಹೋಗಿ ಬರುತ್ತಿತ್ತು. ನಾಲ್ಕನೆಯ ಅಂಚು ಖಾಲಿ ಇತ್ತು ಅಂತ ಗುಡದಪ್ಪನ ಕೈಗೂ ಸೂಜಿ ಕೊಟ್ಟರು. ಏನಾಶ್ಚರ್ಯ! ಅವನ ಹೊಲಿಗೆ ಇರುವೆಯ ಸಾಲಿನ ಹಂಗೆ ನೆಟ್ಟಗೆ ಬಂತು.

"ಅಲಾ ಇವನಾ! ಇದೊಂದು ಬರತೈತಲ್ಲ ಮಬ್ಬಗ!" ಅಂದಳು ಸಿದ್ದವ್ವ.

ಚಂದವ್ವ ಹಿಗ್ಗಿದಳು. ಹಿಗ್ಗಿದ ಭರದಲ್ಲಿ, "ಗುಡದಪ್ಪಾ, ಇವರಿಗೆ ಊಟಕ್ಕ ನೋಡೋ" ಅಂದುಬಿಟ್ಟಳು. ಅವನು ಒಲೆಯ ಮೇಲಿನ ಸಾರಿನ ಗಡಿಗೆಯನ್ನು ಮಸಿ ಸಮೇತ ತಂದು ಅವರ ಮುಂದೆ ಇಟ್ಟ. ಮುಂದೆ ಏನಿತ್ತು? ಕೌದಿ! ಇಟ್ಟವನು ಕೈ ಕಟ್ಟಿ ಕಂಬದ ಹಾಗೆ ನಿಂತ.

"ಏನ ಚಂದವ್ವಾ, ನಾವು ಗಡಿಗಿ ಮಾರಿ ನೋಡೇ ಹೊಟ್ಟಿ ತುಂಬಸ್ಕೋಬೇಕೇನು?" ಅಂದಳು ಮೌಲಾಬಿ.

ಮಸಿಯ ಗುಂಡು ಗುರುತಿನ ಮೇಲೆ ಒಂದು ಕೆಂಪು ತುಂಡು ಕೂಡಿಸಿ ಸೂರ್ಯ ಅಂತ ಹೆಸರಿಟ್ಟರು. ಪುಣ್ಯಕ್ಕೆ ಬೆಡ್‌ಶೀಟಿಗೆ ಇಳಿದಿರಲಿಲ್ಲ. ಚಂದವ್ವ ಮಗನ ಕಿವಿ ಹಿಡಿದಳು. "ಇಟ್ಟು ನಿಂತ್ರ ಆತೇನೋ? ನೀಡಬೇಕು! ಉಣ್ಣವರು ಬಾಯಿ ಬಿಟ್ಟು 'ಸಾಕು' ಅನ್ನೂತನಕ ನೀಡಬೇಕು! 'ಸಾಕು' ಅನ್ನದ ಕೈ ತಗದಿ ಅಂದ್ರ ನೋಡು!"

"ಸಾಕು ಅನ್ನೂತನಕ. ಹೂಂ ಯವ್ವಾ."

ಕೌದಿ ಮುಗಿಯಿತು. ಅಂದರೆ ಒಂದು ಮೂಲೆ ಬಿಟ್ಟು ಮುಗಿಯಿತು. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ಹೋಳಿಗೆ ಇಡುವುದು ಅವರ ಕಡೆಯ ಪದ್ಧತಿ. ಕೌದಿ ಉಪವಾಸ ಇರಬಾರದು, ಉಪವಾಸದ ಕೌದಿ ಹೊದ್ದ ಕೂಸು ಹಸಿದು ಅಳುತ್ತದೆ ಅಂತ. ಇಡುವವನು ಕೂಸಿನ ಸೋದರಮಾವ, ಆ ಮೂಲೆ ಹೊಲಿಯುವವನೂ ಅವನೇ. ಕೂಸಿಗೆ ಇದ್ದ ಸೋದರಮಾವ ಯಾರು? ಬೇರೆ ಸೋದರಮಾವನನ್ನು ಬೆಡ್‌ಶೀಟಿನ ಹಾಗೆ ಅಂಗಡಿಯಿಂದ ತರಲಿಕ್ಕೆ ಬರುವುದಿಲ್ಲವಲ್ಲ!

ಹೊರಡುವ ದಿನ ಬೆಳಿಗ್ಗೆ ಬೀಗರ ಮನೆಗೆ ಅಂತ ಬುಟ್ಟಿ ತುಂಬ ಹೋಳಿಗೆ ಮಾಡಿ, ಮೇಲೆ ಒಂದು ತಂಬಿಗೆ ತುಪ್ಪ ಇಟ್ಟಿದ್ದರು. ಚಂದವ್ವ ಅವಸರದಲ್ಲಿದ್ದಳು. "ಗುಡದಪ್ಪಾ, ನಾ ಕೂಸಿಗೆ ನೀರು ಎರೀತೀನಿ. ನೀ ಕೌದಿಗೆ ಹೋಳಿಗಿ ಉಣಿಸಿ ಮೂಲಿ ಹೊಲದು ಬಿಡು."

ಗುಡದಪ್ಪ ಕೌದಿಯ ಮುಂದೆ ಮಂಡಿಯೂರಿದ. ಒಂದು ಹೋಳಿಗೆ ಒಳಗಿಟ್ಟ. ಕಿವಿ ಹಚ್ಚಿ ಕೇಳಿದ. ಕೌದಿ ಮಾತಾಡಲಿಲ್ಲ. ಇನ್ನೊಂದು ಇಟ್ಟ. ಮಾತಾಡಲಿಲ್ಲ. "ನಾಚಿಕಿ ಮಾಡ್ಕೋಬ್ಯಾಡ, ಉಣ್ಣು," ಅಂತ ಉಪಚಾರ ಮಾಡಿ ಮತ್ತೊಂದು ಇಟ್ಟ. ಹೋಳಿಗೆಗೆ ತುಪ್ಪ ಬೇಡವೇ? ಬೆಳಗಿನ ಥಂಡಿಗೆ ಗಟ್ಟಿಯಾಗಿದ್ದ ತುಪ್ಪವನ್ನು ಮುಷ್ಟಿಯಲ್ಲಿ ತೆಗೆದು ಬುಟ್ಟಿಗೆ ಹಾಸಿದ್ದ ಬಾಳೆಎಲೆ ಸಮೇತ ತುರುಕಿದ. ಬುಟ್ಟಿಯ ತಳ ಕಂಡಿತು. ಕೌದಿ ತುಟಿ ಎರಡು ಮಾಡಲಿಲ್ಲ. ಅಷ್ಟರಲ್ಲಿ "ಟಂಟಂ ಬಂತೋ!" ಅಂತ ಬಾಡಿಗೆ ಆಟೋದ ಸದ್ದು ಕೇಳಿ ಅವ್ವ ಕೂಗಿದಳು. ಗಬಗಬ ಮೂಲೆ ಹೊಲಿದು, ಸೂಜಿ ರುಮಾಲಿಗೆ ಸಿಕ್ಕಿಸಿ, ಕೌದಿ ಮಡಿಚಿ ತಲೆಯ ಮೇಲೆ ಹೊತ್ತ. ಬುಟ್ಟಿಯನ್ನೂ ತಾನೇ ಹಿಡಿದುಕೊಂಡ. ಎಂದೂ ಹೇಳದೆ ಕೆಲಸ ಮಾಡದವನು ಅವತ್ತು ಎಲ್ಲ ಹೊತ್ತನಲ್ಲ ಅಂತ ಚಂದವ್ವ ಕಣ್ಣು ತೇವ ಮಾಡಿಕೊಂಡಳು.

ಮುದ್ದಿನಹಾಳದಲ್ಲಿ ನಿಂಬೆವ್ವ ರೇಷ್ಮೆ ಸೀರೆ ಉಟ್ಟು ಅಂಗಳದಲ್ಲಿ ನಿಂತಿದ್ದಳು. ಓಣಿಯ ಹೆಂಗಸರು ಕಟ್ಟೆ ತುಂಬ ಕೂತಿದ್ದರು. ಕೌದಿಯೋ, ಎಮ್ಮೆಯ ಹೊದಿಕೆಯೋ ನೋಡಿಬಿಡೋಣ ಅಂತ ಮಧ್ಯಾಹ್ನದ ಅಡಿಗೆ ಬಿಟ್ಟು ಬಂದವರು. ರೇಣವ್ವ ಕೂಸು ಅವುಚಿಕೊಂಡು ಬಾಗಿಲ ಕಡೆ ನೋಡುತ್ತ ನಿಂತಳು. ಗುಡದಪ್ಪ ಗೋಡೆಯ ಬದಿಗೆ ಕೌದಿ ಹಾಸಿದ.

ನಿಂಬೆವ್ವ ಮೇಲಿನ ಬಣ್ಣ ನೋಡಲಿಲ್ಲ. ಸೀದಾ ಮಗುಚಿ ಬೆನ್ನು ನೋಡಿದಳು. ಈ ಅಂಚಿನಿಂದ ಆ ಅಂಚಿಗೆ ಬೆರಳಾಡಿಸಿದಳು. ಜೋಡಣೆ ಇಲ್ಲ. ಬೆಳಕಿಗೆ ಹಿಡಿದಳು. ಸುಕ್ಕಿಲ್ಲ. ಮೂಸಿದಳು. ಗಂಜಿಯ ವಾಸನೆಯೂ ಇಲ್ಲ. ಹುಳುಕು ಸಿಗದ ನಿಂಬೆವ್ವನ ಮೋರೆ ನೋಡಬೇಕಿತ್ತು, ಮೂಗುತಿ ಕಳಕೊಂಡವಳ ಹಾಗೆ! ಕೊನೆಗೆ ಕೈಗೆ ಉಬ್ಬಿದ ಮೂಲೆ ಸಿಕ್ಕಿತು.

"ಇದೇನು ಇಷ್ಟು ದಪ್ಪ?"

ಚಂದವ್ವ ಬಾಯಿ ತೆರೆಯುವುದರೊಳಗೆ ನಿಂಬೆವ್ವನೇ ಉತ್ತರ ಹೇಳಿಕೊಂಡಳು. "ಹಿರ್‍ಯಾರು ಕುಂದರಲಿ ಅಂತ ಮೆತ್ತಗ ಗಾದಿ ಮಾಡ್ಯಾರ. ಮರ್ಯಾದಿ ಗೊತ್ತೈತಿ." ಹೀಗಂದು ಕೂಸು ಇಸಕೊಂಡು, ಸರಿಯಾಗಿ ಆ ಮೂಲೆಯ ಮೇಲೆ, ಭಾರವೆಲ್ಲ ಬಿಟ್ಟು ಕೂತಳು. ಕೂತು ತನ್ನ ಕಾಲದ ಕೌದಿಗಳ ಕತೆ ಶುರು ಮಾಡಿದಳು. ಮೇಲೆ ಬಿಸಿಲು, ನಡುವೆ ನಿಂಬೆವ್ವ, ಕೆಳಗೆ ತುಪ್ಪ.

ಅತ್ತ ಚಂದವ್ವ ಬೀಗರಿಗೆ ಹೋಳಿಗೆ ಕೊಡೋಣ ಅಂತ ಬುಟ್ಟಿ ಬಿಚ್ಚಿದಳು. ಬುಟ್ಟಿಯಲ್ಲಿ ಬುಟ್ಟಿಯೇ ಇತ್ತು!

"ಹೋಳಿಗಿ ಎಲ್ಲೋ?" ಅಂತ ಮಗನ ಕಿವಿಯಲ್ಲಿ ಉಸುರಿದಳು.

"ಕೌದಿ ಉಂಡಿತು."

"ಎಲ್ಲಾನೂ?"

"ಅದು ಸಾಕು ಅನ್ನಲೇ ಇಲ್ಲ ಯವ್ವಾ!"

ಚಂದವ್ವ ಸರ್ರನೆ ಕೌದಿಯ ಕಡೆ ತಿರುಗಿದಳು. ನೋಡಿದರೆ ನಿಂಬೆವ್ವನ ರೇಷ್ಮೆಯ ಹಿಂಭಾಗ ಆಗಲೇ ಮಿರಮಿರ ಮಿಂಚುತ್ತಿದೆ. ಆಕೆ ಎದ್ದರೆ ಮುಗೀತು! ಕೌದಿ ಎಮ್ಮೆಗೆ, ಮಗಳು ಟಂಟಮ್ಮಿಗೆ! ಮಗನ ರಟ್ಟೆ ಹಿಡಿದು ಹಲ್ಲು ಕಡಿದು ಹೇಳಿದಳು: "ಸುಡಗಾಡ್ಯಾ! ಆಕಿ ಹಿಂದ ಹೋಗಿ ಕುಂದರು. ಈ ಮಂದಿ ಎದ್ದು ಹೋಗೂತನಕ ಬೀಗತಿ ಕೌದಿ ಬಿಟ್ಟು ಏಳಬಾರದು! ಹೆಂಗರೆ ಮಾಡು, ಏಳಬಾರದು!"

ಏನಾದರೂ ಮಾತಾಡಿಸುತ್ತ ಕೂಡಿಸು ಅಂತ ಆಕೆಯ ಭಾವ. ಗುಡದಪ್ಪ ಗೋಡೆಗೂ ನಿಂಬೆವ್ವನಿಗೂ ನಡುವೆ ಹೋಗಿ ಕೂತ. ರುಮಾಲಿನಿಂದ ಸೂಜಿ ತೆಗೆದ. ನಿಂಬೆವ್ವನ ಸೀರೆಯ ಅಂಚು, ಕೌದಿಯ ಅಂಚು, ಎರಡನ್ನೂ ಹೊಂದಿಸಿ ಹಿಡಿದ. ಇರುವೆಯ ಸಾಲಿನ ಹಂಗೆ, ಸಣ್ಣ ಹೊಲಿಗೆ, ಬಿಗಿ ದಾರ. ಆಕೆಗೆ ಗೊತ್ತಾಗಲಿಲ್ಲ. ಆಕೆಗೆ ತನ್ನ ಮಾತು ಬಿಟ್ಟು ಬೇರೇನು ಗೊತ್ತಾಗುತ್ತದೆ?

ಕತೆ ಮುಗಿಸಿ ನಿಂಬೆವ್ವ, "ಕೂಸಿಗೆ ಆರತಿ ಮಾಡೂನು, ತಾಟು ತರತೀನಿ" ಅಂತ ಕೂಸನ್ನು ರೇಣವ್ವನ ಕೈಗೆ ಕೊಟ್ಟಳು. "ಬೀಗತೆವ್ವಾ, ಕುಂದರ್ರೀ! ನಾ ತರತೀನಿ!" ಅಂತ ಚಂದವ್ವ ಓಡಿ ಬಂದಳು. ಬರುವುದರೊಳಗೆ ನಿಂಬೆವ್ವ ಎದ್ದಳು.

ಕೌದಿಯೂ ಎದ್ದಿತು.

ನಿಂಬೆವ್ವ ತಿರುಗಿದಳು, ಕೌದಿ ತಿರುಗಿತು. ಆಕೆ ಎಳೆದಳು, ಅದು ಎಳೆಯಿತು. ಬಿಗಿ ದಾರ ಜಗ್ಗಿದ ರಭಸಕ್ಕೆ ಅವಸರದಲ್ಲಿ ಹೊಲಿದ ಮೂಲೆ ಬಿಚ್ಚಿಕೊಂಡು, ತುಪ್ಪದಲ್ಲಿ ಮಿಂದ ಹೋಳಿಗೆ ಒಂದೊಂದಾಗಿ ಪತ್ ಪತ್ ಅಂತ ಅಂಗಳಕ್ಕೆ ಬಿದ್ದವು. ಕಟ್ಟೆಯ ಮೇಲಿನ ಹೆಂಗಸರು ಮೊದಲು ಬಾಯಿಗೆ ಸೆರಗು ಹಿಡಿದರು. ಆಮೇಲೆ ಸೆರಗೂ ಬಿಟ್ಟರು.

"ಅಯ್ಯ ನಿಂಬೆವ್ವಾ, ನೀನು ಹೋಳಿಗಿ ಹಡದೀಯೇನ?" ಅಂದಳು ಒಬ್ಬಳು.

ನಿಂಬೆವ್ವನಿಗೆ ಮುಖ ಮುಚ್ಚಿಕೊಳ್ಳಲಿಕ್ಕೆ ಜಾಗ ಬೇಕಿತ್ತು. ಇದ್ದ ಜಾಗ ಒಂದೇ, ಮನೆಯ ಒಳಗೆ. ಓಡಿದಳು. ಹೊಸ್ತಿಲು ದಾಟಿದಳು. ಹಿಂದೆ ಹಸಿರು ಬೆನ್ನು ಮೇಲು ಮಾಡಿಕೊಂಡು, ಒಂದು ಜೋಡಣೆ ಇಲ್ಲದ, ಒಂದು ಸುಕ್ಕಿಲ್ಲದ ಕೌದಿ ಸರಸರ ಹೊಸ್ತಿಲು ದಾಟಿತು. ಓಣಿಗೆ ಓಣಿಯೇ ನೋಡಿತು.

ರೇಣವ್ವ ಹೊತ್ತು ಕಳೆಯಲಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು, ಕೌದಿಯ ಬಾಲ ಕೈಯಲ್ಲಿ ಹಿಡಿದು, ಬಲಗಾಲಿಟ್ಟು ಒಳಗೆ ನಡೆದಳು. "ಅತ್ತೀ, ಕೌದಿ ದಾಟಿತು. ನಾನೂ ಬಂದೆ."

ಚಂದವ್ವ ಅಳುವುದೋ ನಗುವುದೋ ತಿಳಿಯದೆ ಖಾಲಿ ಬುಟ್ಟಿ ತಬ್ಬಿಕೊಂಡು ನಿಂತಳು. ಆಕೆಯ ಮಗ ಮಾತ್ರ ಹಲ್ಲಿನಲ್ಲಿ ದಾರ ಕಚ್ಚಿ, ಸೂಜಿ ಎತ್ತಿ ಹಿಡಿದು, ಹೋಳಿಗೆ ತುಳಿಯುತ್ತ ಬಾಗಿಲ ಕಡೆ ಓಡುತ್ತಿದ್ದ:

"ಬೀಗತೆವ್ವಾ, ನಿಂದರ್ರೀ! ಮಂದಿ ಇನ್ನಾ ಇಲ್ಲೇ ಅದಾರ! ಇನ್ನೊಂದು ಅಂಚು ಹೊಲಿಯೂದು ಉಳದೈತಿ!"